ಶಬ್ದಗಳ ಸಹವಾಸ

ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಬಗೆಯ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಗಾಳಿ ಬಲವಾಗಿ ಬೀಸಿದರೆ ಅದು ‘ಸ್ಟ್ರಾಂಗ್ ವಿಂಡ್’. ಮಳೆ ಬಲವಾಗಿ ಸುರಿದರೆ ಮಾತ್ರ ಅದು ‘ಹೆವಿ ರೇನ್’. ‘ಸ್ಟ್ರಾಂಗ್ ರೇನ್’ ಎಂದು ಬರೆದರೆ ಉಪಾಧ್ಯಾಯರು ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ. ವ್ಯಾಕರಣದಲ್ಲಿ ದೋಷವೇನೂ ಇಲ್ಲ. ನಿಘಂಟನ್ನು ತೆರೆದರೆ ‘ಸ್ಟ್ರಾಂಗ್’ ಎಂಬುದಕ್ಕೆ ‘ಬಲವಾದ’ ಎಂದೇ ಅರ್ಥ ಕೊಟ್ಟಿದೆ. ಹಾಗಾದರೆ ತಪ್ಪು ಎಲ್ಲಿದೆ? ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವರನ್ನು ಕೇಳಿದರೆ, ಹಾಗೆ ಹೇಳುವ ವಾಡಿಕೆಯಿಲ್ಲ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಾಮಾನ್ಯವಾಗಿ ದೊರೆಯದು. ಭಾಷೆಯ ಸಹಜತೆಯೆಂಬುದು ಆ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗಷ್ಟೇ ತಿಳಿದ ಗುಟ್ಟೆಂದು ನಿರಾಶರಾಗಿ, ನಾಲ್ಕು ಜನರ ಮುಂದೆ ಬಾಯಿ ತೆರೆಯುವುದಕ್ಕೇ ಅಂಜುವ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ.

ವಾಸ್ತವವಾಗಿ ಇದು ಗುಟ್ಟಲ್ಲ. ಗಿಡಮೂಲಿಕೆಗಳನ್ನೂ ನಕ್ಷತ್ರಗಳನ್ನೂ ವೀಕ್ಷಿಸಿ, ಸಂಗ್ರಹಿಸಿ, ಎಣಿಸಿ ತಿಳಿಯುವಂತೆಯೇ ಶಬ್ದಗಳ ನಡವಳಿಕೆಯನ್ನೂ ತಿಳಿಯಬಹುದು. ಹಾಗೆ ತಿಳಿಯುವ ಶಾಸ್ತ್ರವು ಬೆಳೆದುಬಂದ ಬಗೆಯನ್ನು ಇಲ್ಲಿ ವಿವರಿಸೋಣ.

ನಮ್ಮ ನುಡಿಯಲ್ಲೇ ಇರುವ ನಿದರ್ಶನ

ಮೊದಲು ಕನ್ನಡವನ್ನೇ ನೋಡೋಣ. ನಾವು ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಕಂಬಳಿಯನ್ನು ಹೊದೆಯುತ್ತೇವೆ, ಪೇಟವನ್ನು ಸುತ್ತುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲಿಷಿನಲ್ಲಿ ‘ವೇರ್’ ಎಂಬ ಒಂದೇ ಕ್ರಿಯಾಪದ ಸಾಕು. ಕನ್ನಡ ಕಲಿಯಬಂದ ಪರದೇಶೀಯನೊಬ್ಬನು ನಿಘಂಟನ್ನು ನೋಡಿ ‘ಆಕೆ ಮಲ್ಲಿಗೆಯನ್ನು ಉಟ್ಟಿದ್ದಾಳೆ’ ಎಂದರೆ ಅವನ ಅಭಿಪ್ರಾಯ ನಮಗೆ ತಿಳಿಯುತ್ತದೆ. ಆದರೂ ನಗು ಬರುತ್ತದೆ. ಏಕೆ ಹಾಗೆನ್ನಬಾರದೆಂದು ಅವನು ಕೇಳಿದರೆ ನಾವೂ ತಡವರಿಸುತ್ತೇವೆ.

ಇನ್ನೂ ಸೂಕ್ಷ್ಮವಾದ ಸಂಗತಿಗಳುಂಟು. ‘ಆಗರ್ಭ ಶ್ರೀಮಂತ’ ಎನ್ನುತ್ತೇವೆ. ‘ಆಗರ್ಭ ಬಡವ’ ಎನ್ನುವುದಿಲ್ಲ, ಅವನು ‘ಕಡುಬಡವ’. ಮಧ್ಯಾಹ್ನವು ‘ಮಟಮಟ ಮಧ್ಯಾಹ್ನ’ವಾಗುತ್ತದೆ; ಬೆಳಗಿಗೂ ಸಂಜೆಗೂ ‘ಮಟಮಟ’ ಎಂಬ ಮಾತು ಸಲ್ಲದು. ಪತ್ರಿಕೆಗಳು ‘ಭಾರಿ ಮಳೆ’ ಎಂದು ಬರೆಯುತ್ತವೆ. ‘ಭಾರವಾದ ಮಳೆ’ ಎಂದು ಯಾರೂ ಬರೆಯರು. ಈ ನಿಯಮಗಳನ್ನು ಯಾವ ಶಾಲೆಯಲ್ಲೂ ನಮಗೆ ಕಲಿಸಲಿಲ್ಲ. ಸಾವಿರಾರು ಸಲ ಕೇಳಿ ಅವು ಕಿವಿಗೆ ಒಗ್ಗಿವೆ. ಒಗ್ಗಿದ್ದರಿಂದಲೇ ಅವು ನಮ್ಮ ಗಮನಕ್ಕೆ ಬರುವುದಿಲ್ಲ. ಇಂಗ್ಲಿಷರ ಸ್ಥಿತಿಯೂ ಹೀಗೆಯೇ. ತಾಯ್ನುಡಿಯವನಿಗೆ ಪ್ರಯೋಗ ಗೊತ್ತು, ಆದರೆ ತನಗೆ ಏನು ಗೊತ್ತಿದೆಯೆಂಬುದು ಗೊತ್ತಿಲ್ಲ.

ಅರ್ಥವು ಎಲ್ಲಿದೆ?

ಪ್ರತಿಯೊಂದು ಪದದೊಳಗೂ ಒಂದು ಅರ್ಥವು ಡಬ್ಬಿಯಲ್ಲಿಟ್ಟ ಸಕ್ಕರೆಯಂತೆ ಕುಳಿತಿದೆ. ಅದನ್ನು ತೆಗೆದು ಇನ್ನೊಂದು ಭಾಷೆಯ ಡಬ್ಬಿಗೆ ಸುರಿದರೆ ಅನುವಾದವಾಯಿತು—ಎಂದು ನಾವು ಸಾಧಾರಣವಾಗಿ ಭಾವಿಸುತ್ತೇವೆ. ಈ ಭಾವನೆ ಸಾಲದೆಂಬುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ಅರಿತಿದ್ದರು. ‘ಪಂಕಜ’ ಎಂದರೆ ಕೆಸರಿನಲ್ಲಿ ಹುಟ್ಟಿದ್ದು. ಆದರೆ ಕೆಸರಿನಲ್ಲಿ ಹುಟ್ಟಿದ ಹುಳುವನ್ನು ಯಾರೂ ಪಂಕಜವೆನ್ನರು. ರೂಢಿಯು ಆ ಹೆಸರನ್ನು ತಾವರೆಗೆ ಮಾತ್ರ ಕೊಟ್ಟಿದೆ. ‘ಸೈಂಧವ’ ಎಂದರೆ ಉಪ್ಪೂ ಹೌದು, ಸಿಂಧುದೇಶದ ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವವನ್ನು ತರಹೇಳಿದರೆ ಕುದುರೆಯನ್ನು ತಂದು ನಿಲ್ಲಿಸುವವನು ಮೂರ್ಖನೇ ಸರಿ. ಸುಮಾರು 5ನೆಯ ಶತಮಾನದಲ್ಲಿದ್ದ ಭರ್ತೃಹರಿಯು ತನ್ನ ‘ವಾಕ್ಯಪದೀಯ’ದಲ್ಲಿ ಪದದ ಅರ್ಥವನ್ನು ನಿಶ್ಚಯಿಸುವ ಅಂಶಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಸಂದರ್ಭ ಅದರಲ್ಲಿ ಒಂದು. ಸಾಹಚರ್ಯ, ಅಂದರೆ ಜೊತೆಯಲ್ಲಿರುವ ಪದ, ಇನ್ನೊಂದು. ರಾಮ ಎಂಬ ಹೆಸರಿನವರು ಹಲವರು. ಲಕ್ಷ್ಮಣನ ಹೆಸರು ಪಕ್ಕದಲ್ಲಿದ್ದರೆ ಅವನು ದಶರಥನ ಮಗನೆಂದು ನಿಶ್ಚಯವಾಗುತ್ತದೆ.

ಭರ್ತೃಹರಿಯ ಮುಂದಿದ್ದ ಪ್ರಶ್ನೆ, ಹಲವು ಅರ್ಥಗಳಲ್ಲಿ ಒಂದನ್ನು ಆರಿಸುವುದು ಹೇಗೆ ಎಂಬುದು. ಇಪ್ಪತ್ತನೆಯ ಶತಮಾನದ ಭಾಷಾವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದಿಟ್ಟರು. ಲಾಹೋರಿನಲ್ಲಿ ಕೆಲವು ವರ್ಷ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಅನಂತರ ಲಂಡನ್ನಿನಲ್ಲಿ ಭಾಷಾವಿಜ್ಞಾನವನ್ನು ಬೋಧಿಸಿದ ಜೆ. ಆರ್. ಫರ್ತ್ ಅವರು, ಮನುಷ್ಯನನ್ನು ಅವನ ಗೆಳೆಯರಿಂದ ಅರಿಯುವಂತೆ ಪದವನ್ನು ಅದರ ಒಡನಾಡಿಗಳಿಂದ ಅರಿಯಬೇಕೆಂಬ ಅಭಿಪ್ರಾಯವನ್ನು 1957ರಲ್ಲಿ ಪ್ರಕಟಿಸಿದರು. ಅವರ ಮತದಂತೆ ಒಡನಾಟವು ಅರ್ಥವನ್ನು ತೋರಿಸುವ ಕೈಮರವಷ್ಟೇ ಅಲ್ಲ, ಅರ್ಥದ ಒಂದು ಭಾಗವೇ ಆಗಿದೆ. ‘ಹೆವಿ’ ಎಂಬುದು ಮಳೆಯೊಡನೆಯೂ, ವಾಹನಗಳ ಸಂದಣಿಯೊಡನೆಯೂ, ವಿಪರೀತವಾಗಿ ಸಿಗರೇಟು ಸೇದುವವನೊಡನೆಯೂ ಬರುತ್ತದೆ. ಈ ಮೂರರಲ್ಲಿ ಯಾವುದನ್ನೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ‘ಹೆವಿ’ ಎಂದರೆ ‘ಭಾರವಾದ’ ಎಂದಷ್ಟೇ ಬಾಯಿಪಾಠ ಮಾಡಿದವನಿಗೆ ಆ ಪದದ ಒಂದು ಮುಖ ಮಾತ್ರ ತಿಳಿದಂತಾಯಿತು.

ಚೀಟಿಗಳ ರಾಶಿ

ಪದಗಳ ಒಡನಾಟವನ್ನು ಅರಿಯಬೇಕಾದರೆ ಅವುಗಳ ಪ್ರಯೋಗಗಳನ್ನು ಸಂಗ್ರಹಿಸಬೇಕು. ಈ ದಿಕ್ಕಿನಲ್ಲಿ ನಡೆದ ಮಹಾಪ್ರಯತ್ನವೆಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. 1879ರಲ್ಲಿ ಇದರ ಸಂಪಾದಕತ್ವವನ್ನು ವಹಿಸಿಕೊಂಡ ಜೇಮ್ಸ್ ಮರ್ರೆಯವರು ಪುಸ್ತಕಗಳನ್ನೋದಿ ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಬೇಕೆಂದು ಸಾರ್ವಜನಿಕರನ್ನು ಕೇಳಿಕೊಂಡರು. ಲಕ್ಷಗಟ್ಟಲೆ ಚೀಟಿಗಳು ಬಂದು ಬಿದ್ದವು. ಮೊದಲ ಸಂಚಿಕೆ 1884ರಲ್ಲಿ ಹೊರಬಂದಿತು. ಮರ್ರೆಯವರು 1915ರಲ್ಲಿ ತೀರಿಕೊಂಡರು. ಕೆಲಸ ಮುಗಿದದ್ದು 1928ರಲ್ಲಿ. ಅದರಲ್ಲಿ ಅಚ್ಚಾದ ಉದಾಹರಣೆಗಳೇ 18 ಲಕ್ಷಕ್ಕೆ ಮಿಕ್ಕಿದ್ದವು.

ಈ ಸಂಗ್ರಹದಲ್ಲಿ ಒಂದು ವಿಚಿತ್ರವಾದ ಕೊರತೆ ಕಂಡಿತು. ‘ಅಬ್ಯೂಷನ್’ ಎಂಬ ಅಪರೂಪದ ಪದಕ್ಕೆ ಸುಮಾರು 50 ಚೀಟಿಗಳು ಬಂದಿದ್ದವು. ಎಲ್ಲರೂ ಬಳಸುವ ‘ಅಬ್ಯೂಸ್’ ಎಂಬ ಪದಕ್ಕೆ ಐದೂ ಇರಲಿಲ್ಲ. ಓದುಗರು ವಿರಳವಾದುದನ್ನು ಕಂಡೊಡನೆ ಬರೆದುಕೊಂಡರು, ಪರಿಚಿತವಾದುದನ್ನು ದಾಟಿ ಹೋದರು. ಮನುಷ್ಯನ ಕಣ್ಣು ಅಸಾಧಾರಣವಾದುದರ ಕಡೆಗೇ ಓಡುತ್ತದೆಂಬ ಈ ಪಾಠವು ಯಾವ ವಿಜ್ಞಾನದ ವಿದ್ಯಾರ್ಥಿಗೂ ಮನನಯೋಗ್ಯವಾದುದು.

ಟೋಕಿಯೋದಲ್ಲಿ ಹುಟ್ಟಿದ ನಿಘಂಟು

ಪರಿಚಿತ ಪದಗಳ ಕಡೆಗೆ ವಿದ್ವಾಂಸರ ಕಣ್ಣನ್ನು ಹೊರಳಿಸಿದವರಲ್ಲಿ ಪರಭಾಷೆಯ ವಿದ್ಯಾರ್ಥಿಗಳು ಮುಖ್ಯರು. 1922ರಲ್ಲಿ ಹೆರಾಲ್ಡ್ ಪಾಮರ್ ಎಂಬ ಆಂಗ್ಲ ವಿದ್ವಾಂಸರು ಜಪಾನಿಗೆ ಹೋದರು. ಮರುವರ್ಷ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆಯೊಂದು ಆರಂಭವಾಯಿತು. ಜಪಾನೀ ವಿದ್ಯಾರ್ಥಿಗಳನ್ನು ಕಾಡುತ್ತಿದ್ದುದು ಕಠಿಣ ಪದಗಳಲ್ಲ. ‘ಟೇಕ್’, ‘ಮೇಕ್’, ‘ಡೂ’, ‘ಗೆಟ್’ ಮೊದಲಾದ ಸಣ್ಣ ಪದಗಳು ಯಾವುದರೊಡನೆ ಕೂಡುತ್ತವೆ ಎಂಬ ಪ್ರಶ್ನೆ. ಇಂಥ ಪದಜೋಡಣೆಗಳನ್ನು ಕುರಿತು ಪಾಮರ್ ಅವರು 1933ರಲ್ಲಿ ವರದಿಯೊಂದನ್ನು ಹೊರತಂದರು.

ಅವರ ಸಹೋದ್ಯೋಗಿಯಾಗಿದ್ದ ಎ. ಎಸ್. ಹಾರ್ನ್‌ಬಿಯವರು ಇಬ್ಬರು ಮಿತ್ರರೊಡನೆ ವಿದ್ಯಾರ್ಥಿಗಳಿಗಾಗಿಯೇ ಒಂದು ನಿಘಂಟನ್ನು ಸಿದ್ಧಪಡಿಸಿದರು. ಯುದ್ಧದ ನಡುವೆ, 1942ರಲ್ಲಿ, ಅದು ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯವು ಅದನ್ನು ಮರಳಿ ಪ್ರಕಟಿಸಿತು. ಇಂದು ಲೋಕದಾದ್ಯಂತ ವಿದ್ಯಾರ್ಥಿಗಳು ಬಳಸುವ ‘ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ಯ ಮೂಲ ಇದೇ. ಪದದ ಅರ್ಥವೇನೆಂಬುದರ ಜೊತೆಗೆ, ಆ ಪದವು ಎಂಥ ವಾಕ್ಯರಚನೆಯನ್ನು ಬೇಡುತ್ತದೆಂಬುದನ್ನೂ ಈ ನಿಘಂಟು ಉದಾಹರಣೆಗಳೊಡನೆ ತೋರಿಸಿತು. ಇಂಗ್ಲೆಂಡಿನ ಮಕ್ಕಳಿಗೆ ಬೇಕಾಗಿರದ ಈ ಮಾಹಿತಿಯು ಜಪಾನಿನ ವಿದ್ಯಾರ್ಥಿಗಳಿಗೆ ಬೇಕಾಗಿದ್ದಿತು. ಅವರು ಕೇಳಿದ್ದರಿಂದಲೇ ಅದು ಬೆಳಕಿಗೆ ಬಂದಿತು.

ಗಣಕಯಂತ್ರದ ನೆರವು

ಚೀಟಿಗಳ ಕಾಲವು ಕಳೆದು ಗಣಕಯಂತ್ರಗಳು ಬಂದವು. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ನೆಲ್ಸನ್ ಫ್ರಾನ್ಸಿಸ್ ಮತ್ತು ಹೆನ್ರಿ ಕುಚೆರಾ ಎಂಬಿಬ್ಬರು, 1961ರಲ್ಲಿ ಅಚ್ಚಾದ ಬರಹಗಳಿಂದ 500 ತುಣುಕುಗಳನ್ನು ಆರಿಸಿ, ಸುಮಾರು 10 ಲಕ್ಷ ಪದಗಳ ಸಂಗ್ರಹವನ್ನು 1964ರಲ್ಲಿ ಸಿದ್ಧಪಡಿಸಿದರು. ಎಣಿಸಿ ನೋಡಿದಾಗ, ನೂರು ಪದಗಳಲ್ಲಿ ಸುಮಾರು ಏಳು ‘ದಿ’ ಎಂಬ ಒಂದೇ ಪದವಾಗಿದ್ದಿತು. ಇನ್ನೊಂದು ತುದಿಯಲ್ಲಿ, ಇಡೀ ಸಂಗ್ರಹದಲ್ಲಿ ಒಂದೊಂದೇ ಸಲ ಬಂದ ಪದಗಳು ಸಾವಿರಾರು. ಒಂದು ಸಲ ಕಂಡ ಪದದ ಗೆಳೆತನಗಳನ್ನು ನಿರ್ಣಯಿಸುವಂತಿಲ್ಲ. ಆದ್ದರಿಂದ ಸಂಗ್ರಹಗಳು ಹಿಗ್ಗುತ್ತ ಹೋಗಿ, 1994ರಲ್ಲಿ ಪೂರ್ಣಗೊಂಡ ಬ್ರಿಟಿಷ್ ರಾಷ್ಟ್ರೀಯ ಸಂಗ್ರಹವು 10 ಕೋಟಿ ಪದಗಳನ್ನು ಮುಟ್ಟಿತು.

ಈ ನಡುವೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ಸಿಂಕ್ಲೇರ್ ಅವರ ತಂಡವು ಇಂಥ ಸಂಗ್ರಹದ ಆಧಾರದಿಂದಲೇ 1987ರಲ್ಲಿ ‘ಕೋಬಿಲ್ಡ್’ ಎಂಬ ನಿಘಂಟನ್ನು ಹೊರತಂದಿತು. ಪದವನ್ನು ನಡುವೆ ನಿಲ್ಲಿಸಿ, ಅದು ಬಂದಿರುವ ನೂರಾರು ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡುವುದು ಅವರ ಕ್ರಮ. ಹೀಗೆ ನೋಡಿದಾಗ ಯಾರೂ ಊಹಿಸಿರದ ಸಂಗತಿಗಳು ಹೊರಬಿದ್ದವು. ‘ಸೆಟ್ ಇನ್’ ಎಂದರೆ ‘ಆರಂಭವಾಗಿ ನೆಲೆಗೊಳ್ಳು’ ಎಂದು ನಿಘಂಟುಗಳು ಹೇಳುತ್ತಿದ್ದವು. ಆದರೆ ಹಾಗೆ ನೆಲೆಗೊಳ್ಳುವುದು ಯಾವುದು? ಕೊಳೆತ, ಹತಾಶೆ, ಕೆಟ್ಟ ಹವೆ—ಹೆಚ್ಚಾಗಿ ಇಂಥವೇ. ‘ಕಾಝ್’ ಎಂದರೆ ‘ಉಂಟುಮಾಡು’. ಆದರೆ ಅದರ ಬಲಗಡೆಗೆ ಬರುವುದು ಬಹುಮಟ್ಟಿಗೆ ಹಾನಿ, ನೋವು, ತೊಂದರೆ.

ಇದು ವಿಚಿತ್ರವೆನಿಸಿದರೆ ಕನ್ನಡದ ಕಡೆಗೆ ತಿರುಗಬಹುದು. ಮನುಷ್ಯನು ಟೀಕೆಗೆ ‘ಗುರಿ’ಯಾಗುತ್ತಾನೆ, ಪ್ರಶಂಸೆಗೆ ‘ಪಾತ್ರ’ನಾಗುತ್ತಾನೆ, ರೋಗಕ್ಕೆ ‘ತುತ್ತಾ’ಗುತ್ತಾನೆ. ‘ಆ ವಿದ್ವಾಂಸರು ಬಹುಮಾನಕ್ಕೆ ಗುರಿಯಾದರು’ ಎಂದರೆ ಬಹುಮಾನವೇ ಒಂದು ವಿಪತ್ತೆಂಬಂತೆ ಕೇಳುತ್ತದೆ. ಪದವು ತನ್ನ ಗೆಳೆಯರಿಂದ ಒಂದು ಬಣ್ಣವನ್ನು ಪಡೆದಿರುತ್ತದೆ. ಆ ಬಣ್ಣವು ಅರ್ಥ ಕೊಡುವ ಸಾಲಿನಲ್ಲಿ ಕಾಣದು, ಉದಾಹರಣೆಗಳ ರಾಶಿಯಲ್ಲಿ ಕಾಣುತ್ತದೆ.

ತಪ್ಪು ಯಾವುದು, ರೂಢಿ ಯಾವುದು?

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ರೂಢಿಯೇ ಪ್ರಮಾಣವಾದರೆ, ಭಾರತೀಯರ ರೂಢಿಗೂ ಬೆಲೆ ಬೇಡವೆ? ‘ಪೋಸ್ಟ್‌ಪೋನ್’ ಎಂಬುದಕ್ಕೆ ಎದುರಾಗಿ ನಾವು ‘ಪ್ರಿಪೋನ್’ ಎನ್ನುತ್ತೇವೆ. ಇದನ್ನು ಬಹುಕಾಲ ತಪ್ಪೆಂದು ಹಳಿದರು. ಇಂದು ಅದು ಭಾರತೀಯ ಪ್ರಯೋಗವೆಂಬ ಗುರುತಿನೊಡನೆ ಆಕ್ಸ್‌ಫರ್ಡ್ ನಿಘಂಟುಗಳಲ್ಲಿ ಸ್ಥಾನ ಪಡೆದಿದೆ. ಭಾರತದ ಇಂಗ್ಲಿಷನ್ನು ಕುರಿತ ಸಂಗ್ರಹವೂ ಉಂಟು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ಎಸ್. ವಿ. ಶಾಸ್ತ್ರಿಯವರ ನೇತೃತ್ವದಲ್ಲಿ, 1978ರಲ್ಲಿ ನಮ್ಮ ದೇಶದಲ್ಲಿ ಅಚ್ಚಾದ ಬರಹಗಳಿಂದ, ಬ್ರೌನ್ ಸಂಗ್ರಹದ ಮಾದರಿಯಲ್ಲೇ ಅದನ್ನು ರಚಿಸಲಾಯಿತು.

ಆದರೆ ಇದರಿಂದ ಎಲ್ಲವೂ ಸರಿಯೆಂದು ತಿಳಿಯಲಾಗದು. ‘ಬಗ್ಗೆ ಚರ್ಚಿಸು’ ಎಂಬ ನಮ್ಮ ರಚನೆಯನ್ನನುಸರಿಸಿ ‘ಡಿಸ್ಕಸ್ ಅಬೌಟ್’ ಎನ್ನುವವರು ನಮ್ಮಲ್ಲಿ ಹೇರಳವಾಗಿದ್ದಾರೆ. ಪರೀಕ್ಷೆಯಲ್ಲೂ ಹೊರದೇಶದ ಪತ್ರವ್ಯವಹಾರದಲ್ಲೂ ಅದು ದೋಷವೆಂದೇ ಎಣಿಕೆಯಾಗುತ್ತದೆ. ಅಲ್ಲಿ ‘ಡಿಸ್ಕಸ್’ ಎಂಬುದರ ಬೆನ್ನಿಗೇ ವಿಷಯವನ್ನು ಹೇಳಬೇಕು. ಆದುದರಿಂದ ‘ಇದು ಸರಿಯೆ?’ ಎಂದು ಕೇಳುವುದಕ್ಕಿಂತ ‘ಇದನ್ನು ಯಾರು, ಎಲ್ಲಿ, ಯಾರೊಡನೆ ಬಳಸುತ್ತಾರೆ?’ ಎಂದು ಕೇಳುವುದು ಹೆಚ್ಚು ಫಲಕಾರಿ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ‘ಹೇಳು’ ಎಂಬ ಅರ್ಥದ ‘ಸೇ’ ಮತ್ತು ‘ಟೆಲ್’ ಎಂಬೆರಡು ಪದಗಳನ್ನು ತೆಗೆದುಕೊಳ್ಳಿರಿ. ಇಂಗ್ಲಿಷ್ ಪತ್ರಿಕೆಯಿಂದಲೋ ಕಥೆಯಿಂದಲೋ ಒಂದೊಂದಕ್ಕೂ ಇಪ್ಪತ್ತು ವಾಕ್ಯಗಳನ್ನು ಬರೆದುಕೊಂಡು, ಪದವು ಒಂದೇ ಕಂಬದಲ್ಲಿ ಬರುವಂತೆ ಜೋಡಿಸಿರಿ. ಬಳಿಕ ಬಲಗಡೆಯ ಪದಗಳನ್ನು ಮಾತ್ರ ನೋಡಿರಿ. ‘ಟೆಲ್’ ಎಂಬುದರ ಪಕ್ಕದಲ್ಲಿ ಸಾಮಾನ್ಯವಾಗಿ ಕೇಳುವವನು ನಿಂತಿರುತ್ತಾನೆ—‘ಟೋಲ್ಡ್ ಮಿ’, ‘ಟೋಲ್ಡ್ ಹರ್’. ‘ಸೇ’ ಎಂಬುದರ ಪಕ್ಕದಲ್ಲಿ ಹೇಳಿದ ಮಾತು ನಿಂತಿರುತ್ತದೆ. ‘ಸೆಡ್ ಮಿ’ ಏಕೆ ತಪ್ಪೆಂಬುದಕ್ಕೆ ಇನ್ನೊಬ್ಬರ ಉತ್ತರವನ್ನು ಕಾಯಬೇಕಾಗಿಲ್ಲ. ಕೈಗೆ ಗಣಕಯಂತ್ರವೋ ಮೊಬೈಲೋ ಸಿಕ್ಕರೆ ಇಪ್ಪತ್ತರ ಬದಲು ಇನ್ನೂರು ವಾಕ್ಯಗಳು ನಿಮಿಷದಲ್ಲಿ ದೊರೆಯುತ್ತವೆ. ಆದರೆ ಅವುಗಳಲ್ಲಿ ಕಲಿಯುವವರ ತಪ್ಪುಗಳೂ ಬೆರೆತಿರುವುದರಿಂದ, ಬರೆದವರು ಯಾರೆಂಬುದನ್ನು ಗಮನಿಸಬೇಕು.

ಹೀಗೆ ಕೇಳುವ ಅಭ್ಯಾಸವು ಇಂಗ್ಲಿಷಿಗೆ ಮಾತ್ರ ಮೀಸಲಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ರಚನೆಯಲ್ಲಿ ಬಹುಕಾಲ ದುಡಿದ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಇಂಥ ಪ್ರಶ್ನೆಗಳಿಗೇ ಉತ್ತರವಿತ್ತರು. ಆ ಅಂಕಣಕ್ಕೆ ಜೀವ ಕೊಟ್ಟದ್ದು ಉತ್ತರಿಸಿದ ಪಂಡಿತರ ವಿದ್ವತ್ತಿನಷ್ಟೇ ಕೇಳಿದವರ ಕುತೂಹಲವೂ ಹೌದು. ಆದ್ದರಿಂದ ವಿದ್ಯಾರ್ಥಿಗಳು ಸಂದೇಹ ಬಂದಾಗ ಸಂಕೋಚಪಡಬೇಕಾಗಿಲ್ಲ. ಬಿಡಿ ಪದಕ್ಕೆ ಬಿಡಿ ಅರ್ಥವನ್ನು ಬರೆದಿಡುವ ಬದಲು, ಪದವು ಬಂದ ಇಡೀ ವಾಕ್ಯವನ್ನೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಲಿ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಯಾವ ಪದಕ್ಕೆ ಯಾವ ಪದ ಒಗ್ಗುತ್ತದೆಂಬುದನ್ನು ಅವರ ಕಿವಿಯೇ ಗುರುತಿಸತೊಡಗುವುದು.