ದನಿ ಹಿಂದುಳಿದ ಪಾಠ

ಹೊಳೆಯ ಆಚೆಯ ದಡದಲ್ಲಿ ಬಟ್ಟೆ ಒಗೆಯುವವರನ್ನು ಈಚೆಯ ದಡದಿಂದ ನೋಡಿದ ವಾಚಕರಿಗೆ ಒಂದು ಸಂಗತಿ ನೆನಪಿರಬಹುದು. ಬಟ್ಟೆಯು ಕಲ್ಲಿಗೆ ಬಡಿದದ್ದು ಮೊದಲು ಕಣ್ಣಿಗೆ ಬೀಳುತ್ತದೆ. ಅದರ ಸದ್ದು ತುಸು ತಡೆದು ಕಿವಿಯನ್ನು ಮುಟ್ಟುತ್ತದೆ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವುದರಿಂದ, ೬೮ ಮೀಟರು ಅಗಲದ ಹೊಳೆಯನ್ನು ದಾಟಲು ಅದಕ್ಕೆ ಒಂದು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ನಿಸರ್ಗದಲ್ಲಿ ಸದ್ದು ಹಿಂದುಳಿಯುವುದು ದಿನನಿತ್ಯದ ಅನುಭವ. ಮುಂದಾಗಿ ಬರುವುದು ಮಾತ್ರ ಎಲ್ಲಿಯೂ ಇಲ್ಲ. ವಿಡಿಯೋ ನೋಡುವಾಗ ದನಿ ಹಿಂದಾದರೆ ಕೊಂಚ ಸಹಿಸುವ ನಾವು, ಮುಂದಾದರೆ ಥಟ್ಟನೆ ಗುರುತಿಸುವುದು ಬಹುಶಃ ಇದರಿಂದಲೇ. ದನಿಯು ೪೫ ಮಿಲಿಸೆಕೆಂಡು ಮುಂದಾದರೆ, ಅಥವಾ ೧೨೫ ಮಿಲಿಸೆಕೆಂಡು ಹಿಂದಾದರೆ ನೋಡುವವರಿಗೆ ಗೊತ್ತಾಗುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಹೇಳಿದೆ.

ನಮ್ಮ ಹಿರಿಯ ಸಹೋದ್ಯೋಗಿಗಳೊಬ್ಬರು ನಿವೃತ್ತರಾದ ದಿನ ಅವರ ಕೊನೆಯ ಪಾಠವನ್ನು ಚಿತ್ರಿಸಿಕೊಂಡಿದ್ದೆವು. ಚಿತ್ರಕ್ಕೆ ಒಂದು ಕ್ಯಾಮರಾ. ದನಿಗೆ ಅವರ ಜೇಬಿನಲ್ಲಿ ಬೇರೊಂದು ಪುಟ್ಟ ರೆಕಾರ್ಡರು. ಕೆಲವು ತಿಂಗಳಲ್ಲಿ ಅವರು ತೀರಿಕೊಂಡರು. ಮನೆಯವರು ಆ ಪಾಠವನ್ನು ಕೇಳಿದಾಗ, ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಲು ಕುಳಿತೆವು. ಆರಂಭದಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಕೊನೆಯ ಭಾಗದಲ್ಲಿ ಅವರು ಒಂದು ಮೀಟರಿನ ಲೋಲಕವನ್ನು ತೂಗಿಬಿಟ್ಟು ಆಂದೋಲನಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ಅಲ್ಲಿ ದನಿಯು ‘ಹತ್ತು’ ಎನ್ನುವಷ್ಟರಲ್ಲಿ ಗುಂಡು ಹೆಚ್ಚುಕಡಮೆ ಹನ್ನೆರಡು ಸಲ ತೂಗಿ ಮುಗಿಸಿತ್ತು! ಮೂವತ್ತು ವರ್ಷ ಎಣಿಕೆ ತಪ್ಪದವರು ಚಿತ್ರದಲ್ಲಿ ಎಣಿಕೆ ಬಾರದವರಂತೆ ಕಂಡರು.

ದನಿಯನ್ನು ಅಷ್ಟು ಹಿಂದಕ್ಕೆ ಎಳೆದು ಕೂಡಿಸಿದೆವು. ಕೊನೆ ಸರಿಹೋಯಿತು, ಮೊದಲು ಕೆಟ್ಟಿತು. ಅರ್ಧ ದಿನವನ್ನು ಹೀಗೆಯೇ ಕಳೆದೆವೆಂದು ಒಪ್ಪಿಕೊಳ್ಳಲು ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಸಂಕೋಚವಾಗುತ್ತದೆ. ಹತ್ತು ನಿಮಿಷ ಮುಂದಿಟ್ಟ ಗಡಿಯಾರವೂ, ದಿನಕ್ಕೆ ಹತ್ತು ನಿಮಿಷ ಮುಂದೋಡುವ ಗಡಿಯಾರವೂ ಒಂದೇ ಅಲ್ಲವಷ್ಟೆ. ಮೊದಲನೆಯದಕ್ಕೆ ಮುಳ್ಳನ್ನು ತಿರುಗಿಸಿದರೆ ಸಾಕು. ಎರಡನೆಯದರ ನಡೆಯನ್ನೇ ತಿದ್ದಬೇಕು. ಯಾವುದೆಂದು ತಿಳಿಯಬೇಕಾದರೆ ಅಂತರವನ್ನು ಎರಡು ಕಡೆ ಅಳೆಯಬೇಕು.

ಅದೃಷ್ಟವಶಾತ್ ಆ ಮಹನೀಯರು ಗದ್ದಲ ಅಡಗಿಸಲು ಡಸ್ಟರನ್ನು ಮೇಜಿಗೆ ಕುಟ್ಟಿ ಪಾಠ ಆರಂಭಿಸುವವರು, ಕುಟ್ಟಿಯೇ ಮುಗಿಸುವವರು. ಸಿನಿಮಾದವರ ಕ್ಲ್ಯಾಪಿನ ಹಲಗೆಯೂ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡದು. ಮೊದಲ ಪೆಟ್ಟಿನಲ್ಲಿ ಅಂತರ ಸೊನ್ನೆ. ಒಂದು ಗಂಟೆಯ ಬಳಿಕ ೩.೬ ಸೆಕೆಂಡು. ರೆಕಾರ್ಡರಿನೊಳಗಿನ ಸ್ಫಟಿಕದ ಗಡಿಯಾರವನ್ನು ಶಂಕಿಸಿದೆವು. ಆದರೆ ಅಂಥ ಸ್ಫಟಿಕವು ದಶಲಕ್ಷದಲ್ಲಿ ೫೦ ಭಾಗ ತಪ್ಪಿದರೂ ಗಂಟೆಗೆ ಆಗುವ ವ್ಯತ್ಯಾಸ ೦.೧೮ ಸೆಕೆಂಡು. ನಮ್ಮದು ಅದರ ಇಪ್ಪತ್ತರಷ್ಟು. ೩೬೦೦ ಸೆಕೆಂಡಿಗೆ ೩.೬ ಎಂದರೆ ಸಾವಿರಕ್ಕೆ ಒಂದು. ಈ ಸಂಖ್ಯೆಯೇ ಕಳ್ಳನನ್ನು ಹಿಡಿದುಕೊಟ್ಟಿತು.

ಅಮೆರಿಕದ ಟೆಲಿವಿಷನ್ನಿನಲ್ಲಿ ಮೊದಲು ಸೆಕೆಂಡಿಗೆ ೩೦ ಫ್ರೇಮುಗಳಿದ್ದುವು. ೧೯೫೩ರಲ್ಲಿ ಬಣ್ಣವನ್ನು ಸೇರಿಸುವಾಗ ಬಣ್ಣದ ಸಂಕೇತವೂ ಧ್ವನಿಯ ವಾಹಕ ತರಂಗವೂ ಒಂದನ್ನೊಂದು ಕೆಡಿಸಿ ತೆರೆಯ ಮೇಲೆ ಗೆರೆಗಳು ಮೂಡುವ ಸಂಭವವಿತ್ತು. ಅದನ್ನು ತಪ್ಪಿಸಲು ಫ್ರೇಮುಗಳ ವೇಗವನ್ನು ೧೦೦೧ಕ್ಕೆ ೧೦೦೦ರ ಪ್ರಮಾಣದಲ್ಲಿ ಇಳಿಸಿದರು. ಅದು ಸುಮಾರು ೨೯.೯೭ ಆಯಿತು. ಆ ಕಾಲದ ಟೆಲಿವಿಷನ್ ಪೆಟ್ಟಿಗೆಗಳು ಹೋದರೂ ಸಂಖ್ಯೆ ಉಳಿದಿದೆ. ನಮ್ಮ ದೇಶದ ಟೆಲಿವಿಷನ್ನಿನದು ೨೫ ಫ್ರೇಮುಗಳ ಪದ್ಧತಿಯಾದರೂ, ಕ್ಯಾಮರಾಗಳ ಮೂಲಕ ಅದು ನಮ್ಮಲ್ಲಿಗೂ ಬಂದಿದೆ. ನಮ್ಮ ಕ್ಯಾಮರಾ ೨೯.೯೭ರಂತೆ ಚಿತ್ರಿಸಿದ್ದನ್ನು ಕಂಪ್ಯೂಟರಿಗೆ ೩೦ ಎಂದು ನಾವೇ ಹೇಳಿದ್ದೆವು. ಚಿತ್ರ ಮುಂದೋಡಿತು, ದನಿ ತನ್ನ ನಿಜವಾದ ನಡೆಯಲ್ಲೇ ಇತ್ತು.

ಆ ಒಂದು ಅಂಕಿಯನ್ನು ತಿದ್ದಿದೊಡನೆ ಲೋಲಕವೂ ಎಣಿಕೆಯೂ ಕೂಡಿಕೊಂಡವು. ದನಿಯನ್ನೇ ಸಾವಿರಕ್ಕೆ ಒಂದರಷ್ಟು ಕುಗ್ಗಿಸಬಹುದಿತ್ತು. ಶ್ರುತಿಯ ವ್ಯತ್ಯಾಸ ಕಿವಿಗೆ ತಿಳಿಯುತ್ತಿರಲಿಲ್ಲ. ಆದರೆ ಸರಿಯಾಗಿರುವುದನ್ನು ತಪ್ಪಿಗೆ ಹೊಂದಿಸುವುದು ನಮಗೆ ಹಿಡಿಸಲಿಲ್ಲ. ಪ್ರಮಾಣ ದೊಡ್ಡದಾದರೆ ಅದು ಅಪಾಯವೂ ಹೌದು. ಸೆಕೆಂಡಿಗೆ ೨೪ ಫ್ರೇಮಿನ ಸಿನಿಮಾವನ್ನು ೨೫ರಂತೆ ಓಡಿಸಿದರೆ ಒಂದು ಗಂಟೆಯದು ೫೭ ನಿಮಿಷ ೩೬ ಸೆಕೆಂಡಿಗೆ ಮುಗಿಯುತ್ತದೆ. ೪೪೦ ಕಂಪನಗಳ ಸ್ವರವು ೪೫೮ಕ್ಕೆ ಏರುತ್ತದೆ. ಸಂಗೀತ ಬಲ್ಲವರು ಇದನ್ನು ಕ್ಷಮಿಸುವುದಿಲ್ಲ. ಶ್ರುತಿಯನ್ನು ಕಾಯ್ದುಕೊಂಡು ಅವಧಿಯನ್ನಷ್ಟೇ ಬದಲಿಸುವ ಉಪಾಯಗಳಿವೆ. ಅತಿಯಾದರೆ ಮೃದಂಗದ ಪೆಟ್ಟು ಮೊಂಡಾಗುತ್ತದೆ.

ಮೊಬೈಲ್ ಫೋನಿನ ತೊಂದರೆ ಬೇರೆಯೇ. ಮಂದ ಬೆಳಕಿನಲ್ಲಿ ಅನೇಕ ಫೋನುಗಳು ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಬೆಳಕು ಬಂದರೆ ಮತ್ತೆ ಚುರುಕಾಗುತ್ತವೆ. ಹೀಗೆ ನಡೆಯೇ ಒಂದು ಸಮನಾಗಿಲ್ಲದಿರುವಾಗ ಯಾವ ಒಂದು ಪ್ರಮಾಣವೂ ಅದನ್ನು ಸರಿಪಡಿಸಲಾರದು. ಪ್ರತಿ ಫ್ರೇಮಿನ ವೇಳೆಯೂ ಕಡತದಲ್ಲಿ ದಾಖಲಾಗಿರುತ್ತದೆ. ಅದನ್ನು ಅನುಸರಿಸಿ ಮೊದಲು ವಿಡಿಯೋವನ್ನು ಸ್ಥಿರವೇಗಕ್ಕೆ ಪರಿವರ್ತಿಸಿ, ಆಮೇಲೆ ಕತ್ತರಿಸಿ ಜೋಡಿಸಬೇಕು. ಚಿತ್ರಿಸುವ ಮುನ್ನ ಒಮ್ಮೆ, ನಿಲ್ಲಿಸುವ ಮುನ್ನ ಇನ್ನೊಮ್ಮೆ ಕ್ಯಾಮರಾದ ಎದುರಿಗೆ ಚಪ್ಪಾಳೆ ತಟ್ಟುವುದನ್ನಂತೂ ಮರೆಯಬಾರದು. ಎಲ್ಲರ ಕೈಯಲ್ಲಿಯೂ ಡಸ್ಟರು ಇರುವುದಿಲ್ಲ.