ಅಳಿಯಸಂತಾನ ಪದ್ಧತಿ

ಅಳಿಯಸಂತಾನ ಪದ್ಧತಿಯು ತುಳುನಾಡಿನಲ್ಲಿ ರೂಢಿಯಲ್ಲಿದ್ದ, ತಾಯಿಯ ವಂಶದ ಮೂಲಕ ಆಸ್ತಿಯು ಸಾಗುವ ಉತ್ತರಾಧಿಕಾರದ ಕ್ರಮವಾಗಿದೆ. ತುಳುವಿನಲ್ಲಿ ಇದನ್ನು ಅಳಿಯಕಟ್ಟು ಎನ್ನುತ್ತಾರೆ. ಇಲ್ಲಿ ‘ಅಳಿಯ’ ಎಂದರೆ ಮಗಳ ಗಂಡನಲ್ಲ, ಸಹೋದರಿಯ ಮಗ. ಬಂಟರು, ಬಿಲ್ಲವರು, ಮೊಗವೀರರು ಹಾಗೂ ತುಳುನಾಡಿನ ಜೈನರು ಇದನ್ನು ಅನುಸರಿಸುತ್ತಿದ್ದರು. ತಂದೆಯಿಂದ ಮಕ್ಕಳಿಗೆ ಆಸ್ತಿ ಬರುವ ಕ್ರಮಕ್ಕೆ ಮಕ್ಕಳಸಂತಾನವೆಂದು ಹೆಸರು.

ಇದರ ಮೂಲವನ್ನು ಭೂತಾಳಪಾಂಡ್ಯನೆಂಬ ಅರಸನ ಐತಿಹ್ಯಕ್ಕೆ ಜೋಡಿಸಲಾಗುತ್ತದೆ. ಕುಂಡೋದರನೆಂಬ ಭೂತಕ್ಕೆ ಬಲಿಕೊಡಲು ಹೆಂಡತಿಯು ತನ್ನ ಮಕ್ಕಳನ್ನು ಒಪ್ಪಿಸದಿದ್ದಾಗ ಸಹೋದರಿಯು ತನ್ನ ಮಗನನ್ನು ಒಪ್ಪಿಸಿದಳೆಂದೂ, ಆ ಅಳಿಯನಿಗೇ ರಾಜ್ಯ ಸಂದಿತೆಂದೂ ಕಥೆಯಿದೆ. ಇದನ್ನು ಇತಿಹಾಸವೆನ್ನುವುದಕ್ಕಿಂತ ರೂಢಿಗೆ ಜನರು ಕೊಟ್ಟ ಸಮರ್ಥನೆ ಎನ್ನುವುದೇ ಸರಿ.

ಪಾರಿಭಾಷಿಕ ಪದಗಳು

ಒಬ್ಬಳೇ ಮೂಲಸ್ತ್ರೀಯಿಂದ ಹೆಣ್ಣುಮಕ್ಕಳ ಸಾಲಿನಲ್ಲಿ ಬಂದ ಅವಿಭಕ್ತ ಸಮೂಹವೇ ಕುಟುಂಬ. ಅದರೊಳಗೆ ಒಬ್ಬ ಹೆಣ್ಣು, ಅವಳ ಮಕ್ಕಳು ಮತ್ತು ಹೆಣ್ಣುಸಾಲಿನ ಸಂತತಿ ಸೇರಿದ ಕವಲಿಗೆ ‘ಕವರು’ ಎಂದು ಹೆಸರು. ಗೋತ್ರದಂತಿರುವ ‘ಬರಿ’ಯೂ ತಾಯಿಯಿಂದಲೇ ಬರುತ್ತದೆ, ಒಂದೇ ಬರಿಯವರಲ್ಲಿ ಮದುವೆ ನಿಷಿದ್ಧ. ಕುಟುಂಬದ ಆಡಳಿತವು ಹಿರಿಯ ಸದಸ್ಯರದು: ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಕೇರಳದ ಮರುಮಕ್ಕತ್ತಾಯದಲ್ಲಿ ಸಾಮಾನ್ಯವಾಗಿ ಗಂಡಸೇ ಕಾರಣವನಾಗುತ್ತಿದ್ದುದರಿಂದ ಈ ವ್ಯತ್ಯಾಸ ಗಮನಾರ್ಹ.

ಹೆಣ್ಣಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕಿತ್ತು. ವಿಧವೆಯಾದರೂ ಅದು ಅಳಿಯುತ್ತಿರಲಿಲ್ಲ. ಆದರೆ ಗಂಡಸು ಜೀವನವಿಡೀ ದುಡಿದ ಕುಟುಂಬದ ಭೂಮಿಯಲ್ಲಿ ಅವನ ಹೆಂಡತಿ ಮಕ್ಕಳಿಗೆ ಏನೂ ದಕ್ಕುತ್ತಿರಲಿಲ್ಲ. ಸ್ವಯಾರ್ಜಿತವನ್ನು ಬದುಕಿರುವಾಗಲೇ ಅವರಿಗೆ ದಾನವಾಗಿ ಕೊಡಬಹುದಿತ್ತು. ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿಲ್ಲವೆಂದು ಬ್ರಿಟಿಷ್ ಕಾಲದ ನ್ಯಾಯಾಲಯಗಳು ತೀರ್ಮಾನಿಸಿದ್ದರಿಂದ ಕಗ್ಗಂಟು ಇನ್ನಷ್ಟು ಬಿಗಿಯಾಯಿತು.

ಶಾಸನಗಳು

ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ 1949ರ ಮದರಾಸು ಅಳಿಯಸಂತಾನ ಕಾಯಿದೆ ಇಲ್ಲಿಗೆ ಅನ್ವಯಿಸಿತು. ಅದು ಕವರುಗಳಿಗೆ ಪಾಲು ಕೇಳುವ ಅವಕಾಶ ನೀಡಿತು. 50 ವರ್ಷ ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು ‘ಸಂತತಿ ಕವರು’, ಇಲ್ಲದ್ದು ‘ನಿಸ್ಸಂತತಿ ಕವರು’; ಎರಡನೆಯದರ ಪಾಲಿನ ಮೇಲೆ ಜೀವಾವಧಿಯ ಹಕ್ಕಿನಂತಹ ಮಿತಿಗಳಿದ್ದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 7ನೆಯ ಪ್ರಕರಣದ ಪ್ರಕಾರ, ಸದಸ್ಯರೊಬ್ಬರು ತೀರಿಕೊಂಡರೆ ಅವರ ಅವಿಭಕ್ತ ಹಿತಾಸಕ್ತಿಯು ಕುಟುಂಬಕ್ಕೆ ಮರಳದೆ ಆ ಕಾಯಿದೆಯ ವಾರಸುದಾರರಿಗೆ ಸೇರುತ್ತದೆ. ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಆ ರಾಜ್ಯದ 1975ರ ಕಾಯಿದೆಯು ಅವಿಭಕ್ತ ಕುಟುಂಬವನ್ನೇ ರದ್ದುಪಡಿಸಿತು. ತುಳುನಾಡಿನಲ್ಲಿ ಬರಿಯ ಎಣಿಕೆ ಮಾತ್ರ ಇಂದಿಗೂ ಮದುವೆಯ ಮಾತುಕತೆಗಳಲ್ಲಿ ಉಳಿದಿದೆ.