ಡಿಎಲ್‌ಎಲ್ ಕಾಣೆಯಾಗಿದೆಯೇ? ದಯವಿಟ್ಟು ಹುಡುಕಬೇಡಿ

ಹತ್ತು ವರ್ಷ ಹಳೆಯ ಮನೆ ಕಂಪ್ಯೂಟರ್ ‘ಎಂಎಸ್‌ವಿಸಿಪಿ140.ಡಿಎಲ್‌ಎಲ್ ಸಿಗುತ್ತಿಲ್ಲ’ ಎಂದು ಒಂದು ಸಾಲು ತೋರಿಸಿದರೆ ಸಾಕು, ಮನೆಯಲ್ಲೊಬ್ಬ ತಜ್ಞ ಹುಟ್ಟಿಕೊಳ್ಳುತ್ತಾನೆ. ಆ ಹೆಸರನ್ನೇ ಗೂಗಲ್‌ಗೆ ಹಾಕಿ, ಮೊದಲು ಕಂಡ ದೊಡ್ಡ ಡೌನ್‌ಲೋಡ್ ಬಟನ್ ಒತ್ತಿ, ಬಂದ ಫೈಲನ್ನು ಸಿಸ್ಟಮ್32 ಫೋಲ್ಡರಿಗೆ ತುರುಕುತ್ತಾನೆ. ವಿಂಡೋಸ್ ಅನುಮತಿ ಕೇಳಿದರೆ ಕಣ್ಣುಮುಚ್ಚಿ ‘ಯೆಸ್’. ಇಲ್ಲದ ಫೈಲ್ ತಂದು ಹಾಕಿದ್ದೇನೆ, ಅದರಲ್ಲೇನು ತಪ್ಪು ಅಂತ ಬೇರೆ ಕೇಳುತ್ತಾನೆ.

ತಪ್ಪು ಇರುವುದೇ ಅಲ್ಲಿ. ಡಿಎಲ್‌ಎಲ್ ಎಂದರೆ ಓಡುವ ಕೋಡ್. ಅದನ್ನು ಕರೆದ ಪ್ರೋಗ್ರಾಮಿಗೆ ಏನೇನು ಮಾಡುವ ಅಧಿಕಾರ ಇದೆಯೋ, ಅಷ್ಟೂ ಅದಕ್ಕೂ ಸಿಗುತ್ತದೆ. ಯಾರು ಕಟ್ಟಿದ್ದು, ಯಾವ ಆವೃತ್ತಿ, ನಡುವೆ ಯಾರು ಕೈಯಾಡಿಸಿದ್ದಾರೆ, ಒಂದನ್ನೂ ಕೇಳದೆ ಸಿಸ್ಟಮ್32ಗೇ ಪ್ರವೇಶ! ಅಪರಿಚಿತ ನಂಬರಿನ ಫೋನ್ ಎತ್ತಲು ಹಿಂದೆಮುಂದೆ ನೋಡುವವರೂ ಇಲ್ಲಿ ಧಾರಾಳಿಗಳು.

ಹೋಗಲಿ, ಕೆಲಸವಾದರೂ ಆಗುತ್ತದೆಯೇ? ಈ ಎಂಎಸ್‌ವಿಸಿಪಿ140 ಮೈಕ್ರೋಸಾಫ್ಟಿನ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಕಟ್ಟಿನಲ್ಲಿ ತನ್ನ ಜೊತೆಗಾರರೊಂದಿಗೆ ಬರುತ್ತದೆ. ಒಂದನ್ನೇ ತಂದು ಹಾಕಿದರೆ ಮುಂದಿನ ಸಲ ವಿಸಿರನ್‌ಟೈಮ್140 ಇಲ್ಲ ಎನ್ನಬಹುದು. ಇಡೀ ಕಟ್ಟು ಮೈಕ್ರೋಸಾಫ್ಟ್ ತಾಣದಲ್ಲೇ ಪುಕ್ಕಟೆ ಇದೆ. 64 ಬಿಟ್ ವಿಂಡೋಸ್ ಇದ್ದರೂ ಎಕ್ಸ್64, ಎಕ್ಸ್86 ಎರಡನ್ನೂ ಹಾಕಿಕೊಳ್ಳಿ. ಹಳೆಯ 32 ಬಿಟ್ ಪ್ರೋಗ್ರಾಮುಗಳಿಗೆ ಎರಡನೆಯದೇ ಬೇಕು.

ಇನ್ನೊಂದು ತಮಾಷೆ ಇದೆ. 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಫೋಲ್ಡರಿನೊಳಗಿರುವುದು 64 ಬಿಟ್ ಫೈಲುಗಳು. 32 ಬಿಟ್ಟಿನವು ಸಿಸ್‌ವಾವ್64 ಎಂಬಲ್ಲಿರುತ್ತವೆ. ಹಳೆಯ ಪ್ರೋಗ್ರಾಮುಗಳು ಕೆಡದಿರಲೆಂದು ಮೈಕ್ರೋಸಾಫ್ಟ್ ಹೆಸರುಗಳನ್ನು ಹೀಗೆ ಉಳಿಸಿಕೊಂಡಿದೆ. ನಮ್ಮ ತಜ್ಞ ಹೆಸರು ನೋಡಿ 32 ಬಿಟ್ ಫೈಲನ್ನು ಸಿಸ್ಟಮ್32ಗೆ ಹಾಕಿದರೆ, ಕಾಣೆಯಾದ ಫೈಲಿನ ದೂರು ಹೋಗಿ 0ಎಕ್ಸ್‌ಸಿ000007ಬಿ ಎಂಬ ಹೊಸ ದೂರು ಬರಬಹುದು. ಆಮೇಲೆ ಆ ನಂಬರನ್ನು ಗೂಗಲ್ ಮಾಡುತ್ತಾನೆ.

ಕಾಣೆಯಾದದ್ದು ವಿಂಡೋಸಿನ ಸ್ವಂತ ಫೈಲೇ ಆಗಿದ್ದರೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಎಂಬ ದುರಸ್ತಿ ಕಮಾಂಡ್ ಇದೆ. ವಿಂಡೋಸ್ 8ರಿಂದೀಚೆಗೆ ಅದಕ್ಕೂ ಮೊದಲು ಡಿಐಎಸ್‌ಎಮ್ ಕಮಾಂಡ್ ಓಡಿಸಿ. ‘ಡೈರೆಕ್ಟ್‌ಎಕ್ಸ್ 12 ಇದೆ, ಹಳೇ ಗೇಮ್ ಯಾಕೆ ಡಿ3ಡಿಎಕ್ಸ್9 ಕೇಳುತ್ತದೆ?’ ಎಂದು ಕೇಳಿದರೆ, ಹೊಸತರಲ್ಲಿ ಆ ಹಳೆಯದು ಅಡಕವಾಗಿಲ್ಲ. ಮೈಕ್ರೋಸಾಫ್ಟಿನ 2010ರ ಜೂನ್ ಡೈರೆಕ್ಟ್‌ಎಕ್ಸ್ ಪ್ಯಾಕ್ ಹಾಕಿ. ರಿಜಿಸ್ಟ್ರಿ ಕ್ಲೀನರ್ ಓಡಿಸಿದರೆ ಇಲ್ಲದ ಫೈಲ್ ಹುಟ್ಟುವುದಿಲ್ಲ. ಹಳೆಯ ವಿಂಡೋಸ್ ಎಕ್ಸ್‌ಪಿ ಶುರುವಾಗುವಾಗಲೇ ಎನ್‌ಟಿಎಲ್‌ಡಿಆರ್ ಇಲ್ಲ ಎಂದರೆ ಮೊದಲು ಚುಚ್ಚಿಟ್ಟ ಪೆನ್‌ಡ್ರೈವ್ ಕಿತ್ತು ನೋಡಿ.

ಕಂಪ್ಯೂಟರ್ ಶುರುವಾದ ಕೂಡಲೇ ರನ್‌ಡಿಎಲ್‌ಎಲ್ ಹೆಸರಿನಲ್ಲಿ, ಅರ್ಥವಿಲ್ಲದ ಅಕ್ಷರಗಳ ಯಾವುದೋ ಫೈಲ್ ಸಿಗುತ್ತಿಲ್ಲ ಎಂಬ ಪೆಟ್ಟಿಗೆ ಬಂದರಂತೂ ಗಾಬರಿ ಬೇಡ. ಬಹಳ ಸಲ ಆಂಟಿವೈರಸ್ ಆ ವೈರಸ್ ಫೈಲನ್ನು ಅಳಿಸಿರುತ್ತದೆ, ಸ್ಟಾರ್ಟಪ್ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿರುತ್ತದೆ. ಮೈಕ್ರೋಸಾಫ್ಟಿನ ಆಟೋರನ್ಸ್ ಎಂಬ ಪ್ರೋಗ್ರಾಮ್ ತೆರೆದು ಆ ಸಾಲು ತೆಗೆದರೆ ಮುಗಿಯಿತು. ಅದನ್ನೂ ಹುಡುಕಿ ಡೌನ್‌ಲೋಡ್ ಮಾಡುವವರಿದ್ದಾರೆ: ಓಡಿಸಿದ ಕಳ್ಳನಿಗೆ ಕಾರ್ಡು ಬರೆದು ಕರೆಸಿದ ಹಾಗೆ.

ಯಾರೋ ಹೇಳಿದ್ದನ್ನೆಲ್ಲ ನಂಬುವ ಈ ಅಭ್ಯಾಸ ಇಂದಿನದಲ್ಲ. 2002ರಲ್ಲಿ ಒಂದು ಇಮೇಲ್ ಜಗತ್ತೆಲ್ಲ ಸುತ್ತಿತು: ಜೆಡಿಬಿಜಿಎಂಜಿಆರ್ ಎಂಬ, ಕರಡಿಮರಿ ಚಿತ್ರದ ಫೈಲ್ ವೈರಸ್, ತಕ್ಷಣ ಅಳಿಸಿ, ಎಲ್ಲರಿಗೂ ತಿಳಿಸಿ. ಅದು ವಿಂಡೋಸಿನದೇ ಸಾಚಾ ಫೈಲ್, ಜಾವಾ ಡೆವಲಪರುಗಳಿಗೆ ಬೇಕಾದದ್ದು. ಜನ ಅಳಿಸಿದರು, ಅಳಿಸಿ ಫಾರ್ವರ್ಡೂ ಮಾಡಿದರು. ಅಂದು ಹೇಳಿದರೆಂದು ಒಳ್ಳೆಯದನ್ನು ಅಳಿಸಿದವರು, ಇಂದು ಹೇಳಿದರೆಂದು ಗೊತ್ತಿಲ್ಲದ್ದನ್ನು ಒಳಗೆ ಬಿಡುತ್ತಿದ್ದಾರೆ. ‘ಯಾರು ಹೇಳಿದ್ದು?’ ಎಂದು ಕೇಳಲು ಯಾವ ತಂತ್ರಜ್ಞಾನವೂ ಬೇಕಿಲ್ಲ.

ಇಂದು ಒಂದು ಫೈಲ್, ನಾಳೆ ಇನ್ನೊಂದು ಅಂತ ಹಳೆಯ ಕಂಪ್ಯೂಟರ್ ಒಂದೊಂದಾಗಿ ಕಳೆದುಕೊಳ್ಳುತ್ತಿದ್ದರೆ ಡಿಎಲ್‌ಎಲ್ ಚಿಂತೆ ಬಿಟ್ಟು ಹಾರ್ಡ್‌ಡಿಸ್ಕ್ ನೋಡಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಚೆಕ್‌ಡಿಸ್ಕ್ ಓಡಿಸುವುದಕ್ಕೂ ಮೊದಲು ಮದುವೆ ಫೋಟೊ, ಮಕ್ಕಳ ಮಾರ್ಕ್ಸ್‌ಕಾರ್ಡ್ ಸ್ಕ್ಯಾನುಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಡಿ.